ಟಿಲ್ಟ್ ಡ್ರೈಯರ್ ವಾಲದಿದ್ದರೆ, ವಾಲಿದ್ದು ಇಳಿಯದಿದ್ದರೆ: ದೋಷ ಹುಡುಕುವ ಬಗೆ

ದೊಡ್ಡ ಲಾಂಡ್ರಿಗಳಲ್ಲಿ ಒಣಗಿದ ಬಟ್ಟೆಯನ್ನು ಡ್ರೈಯರ್‌ನಿಂದ ಕೈಯಲ್ಲಿ ಎಳೆದು ತೆಗೆಯುವುದಿಲ್ಲ. ಇಡೀ ಯಂತ್ರವೇ ಮುಂದಕ್ಕೆ ವಾಲುತ್ತದೆ, ಡ್ರಮ್ ನಿಧಾನಕ್ಕೆ ತಿರುಗುತ್ತದೆ, ಬಟ್ಟೆ ತಾನಾಗಿ ಟ್ರಾಲಿಗೆ ಬೀಳುತ್ತದೆ. ಕೆಲವು ಮಾದರಿಗಳು ಹಿಂದಕ್ಕೂ ವಾಲುತ್ತವೆ. ಆಗ ಒದ್ದೆ ಬಟ್ಟೆಯನ್ನು ಬಾಯಿಗೆ ಸುರಿದರೆ ಅದು ಡ್ರಮ್‌ನ ಹಿಂಬದಿಗೆ ಜಾರಿಕೊಳ್ಳುತ್ತದೆ. ಹೀಗೆ ವಾಲಿಸುವ ಶಕ್ತಿ ಬಹಳ ಯಂತ್ರಗಳಲ್ಲಿ ಕಂಪ್ರೆಸರ್ ಗಾಳಿಯದು. ಚೌಕಟ್ಟಿನ ಕೆಳಗೆ ಗಾಳಿ ತುಂಬಿದಾಗ ಉಬ್ಬುವ ರಬ್ಬರ್ ಏರ್ ಬ್ಯಾಗ್‌ಗಳೋ ಏರ್ ಸಿಲಿಂಡರ್‌ಗಳೋ ಇರುತ್ತವೆ.

ಟಿಲ್ಟ್ ಕೆಟ್ಟ ಕೂಡಲೇ ಅನುಮಾನ ಹೋಗುವುದು ಸಿಲಿಂಡರ್ ಮೇಲೆ. ಕಣ್ಣಿಗೆ ಕಾಣುವುದು ಅದೇ ಅಲ್ವಾ? ಆದರೆ ಸಿಲಿಂಡರನ್ನು ಪಟ್ಟಿಯ ಕೊನೆಗೆ ಇಡಿ. ಲಾಂಡ್ರಿಯಲ್ಲಿ ಟಿಲ್ಟ್ ಕೆಡಿಸುವುದು ಹೆಚ್ಚಾಗಿ ಗಾಳಿಯಲ್ಲಿ ಸೇರಿದ ನೀರು, ಎಲ್ಲೆಂದರಲ್ಲಿ ಕೂರುವ ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಧೂಳು), ಮತ್ತು ಅಲುಗಾಡಿ ಜಾಗ ಬಿಟ್ಟ ಸ್ವಿಚ್. ಈ ಮೂರನ್ನೂ ನೋಡಲು ಖರ್ಚೇ ಇಲ್ಲ.

ಕೆಲಸ ನಡೆಯುವುದು ಮೂರು ಹಂತದಲ್ಲಿ. ಬಟನ್ ಒತ್ತಿದ ಆಜ್ಞೆ ಸ್ವಿಚ್‌ಗಳನ್ನೂ ಪಿಎಲ್‌ಸಿಯನ್ನೂ (ಯಂತ್ರ ನಡೆಸುವ ಕಂಟ್ರೋಲರ್) ದಾಟಿ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್‌ನ ಕಾಯಿಲ್ ತಲುಪಬೇಕು. ವಾಲ್ವ್ ತೆರೆದು ಗಾಳಿ ಬಿಡಬೇಕು. ಆ ಗಾಳಿಗೆ ಭಾರ ಎತ್ತುವಷ್ಟು ಒತ್ತಡ ಇರಬೇಕು. ದೋಷ ಎಷ್ಟೇ ವಿಚಿತ್ರವಾಗಿ ಕಂಡರೂ ಇವುಗಳಲ್ಲಿ ಒಂದು ಕಡೆ ಇರುತ್ತದೆ. ಮೂರರಲ್ಲಿ ಯಾವುದು ಎಂದು ತಿಳಿಯುವ ಮುನ್ನ ಯಾವ ಭಾಗವನ್ನೂ ಬಿಚ್ಚಬೇಡಿ.

## ಮುಟ್ಟುವ ಮೊದಲು

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಟಿಲ್ಟ್ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಕರೆಂಟಿನಿಂದ ಮಾತ್ರವಲ್ಲ, ಮೇಲೆ ನಿಂತ ಭಾರದಿಂದ.

ಗಾಳಿ ಮಾತ್ರ ಹಿಡಿದಿರುವ ಡ್ರೈಯರ್ ಕೆಳಗೆ ಕೈ, ತಲೆ, ಕಾಲು ಯಾವುದನ್ನೂ ಹಾಕಬೇಡಿ. ಒಂದು ಪೈಪ್ ಕಳಚಿದರೆ ಸಾಕು, ಟನ್‌ಗಟ್ಟಲೆ ಭಾರ ಕೆಳಗೆ ಬರುತ್ತದೆ. ಯಂತ್ರದ ಜೊತೆ ಬಂದ ಸೇಫ್ಟಿ ಪ್ರಾಪ್ (ಭಾರ ಹಿಡಿದು ನಿಲ್ಲಿಸುವ ಊರೆ) ಅಥವಾ ಲಾಕಿಂಗ್ ಪಿನ್ ಹಾಕಿದ ಮೇಲೆಯೇ ಕೆಳಗಿನ ಕೆಲಸ. ಮರದ ತುಂಡು, ಇಟ್ಟಿಗೆ, ಕಾರಿನ ಜಾಕ್ ಇವು ಪ್ರಾಪ್ ಅಲ್ಲ.

ಕರೆಂಟ್ ಆರಿಸಿದರೆ ನಿಮ್ಮ ಯಂತ್ರ ಏನು ಮಾಡುತ್ತದೆ ಎಂದು ಮೊದಲೇ ತಿಳಿದಿರಬೇಕು. ಒಂದೇ ಕಾಯಿಲ್ ಮತ್ತು ಸ್ಪ್ರಿಂಗ್ ಇರುವ ವಾಲ್ವ್ ಆದರೆ, ಕರೆಂಟ್ ಹೋದ ತಕ್ಷಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಡ್ರೈಯರ್ ಇಳಿಯಲು ಶುರುವಾಗಬಹುದು. ಎರಡು ಕಾಯಿಲ್ ಇರುವ ಎರಡು ಸ್ಥಾನದ ವಾಲ್ವ್ ಕೊನೆಯ ಸ್ಥಾನದಲ್ಲೇ ನಿಲ್ಲುತ್ತದೆ. ಮೂರು ಸ್ಥಾನದ, ನಡುವೆ ಮುಚ್ಚಿಕೊಳ್ಳುವ ವಾಲ್ವ್ ಆದರೆ ಡ್ರೈಯರ್ ಇದ್ದಲ್ಲೇ ನಿಲ್ಲಬೇಕು. ಇದು ವಾಲ್ವ್ ಮೇಲಿನ ಚಿತ್ರದಲ್ಲೂ ಯಂತ್ರದ ಏರ್ ಡಯಾಗ್ರಾಮ್‌ನಲ್ಲೂ ಇರುತ್ತದೆ.

ಬಿಚ್ಚುವ ಕೆಲಸ ಇದ್ದರೆ ಡ್ರೈಯರನ್ನು ಕೆಳಗಿಳಿಸಿ, ಮೇನ್ ಆರಿಸಿ, ಏರ್ ವಾಲ್ವ್ ಮುಚ್ಚಿ, ಎರಡಕ್ಕೂ ಬೀಗ ಹಾಕಿ, ಒಳಗಿನ ಗಾಳಿಯನ್ನು ಹೊರಬಿಡಿ. ಯಂತ್ರದ ಗಾಳಿ ಕಡಿಯಲು ಮತ್ತು ಉಳಿದ ಒತ್ತಡ ತೆಗೆಯಲು ದಾರಿ ಇರಬೇಕು ಎಂದು ಗಾಳಿ ಒತ್ತಡದ ವ್ಯವಸ್ಥೆಗಳ ಸುರಕ್ಷತೆಗಿರುವ ಐಎಸ್‌ಒ 4414 ಮಾನದಂಡವೂ ಹೇಳುತ್ತದೆ. ಒಂದು ಎಚ್ಚರಿಕೆ: ರೆಗ್ಯುಲೇಟರ್ (ಗಾಳಿಯ ಒತ್ತಡ ಹೊಂದಿಸುವ ಭಾಗ) ಗೇಜ್ ಸೊನ್ನೆ ತೋರಿಸಿದರೆ ಸಿಲಿಂಡರ್ ಖಾಲಿ ಆಯಿತು ಎಂದರ್ಥವಲ್ಲ. ಸಿಲಿಂಡರ್ ಬಾಯಲ್ಲಿ ಗಾಳಿ ಹಿಂದಕ್ಕೆ ಹೋಗದಂತೆ ಲಾಕ್ ಮಾಡುವ ಚೆಕ್ ವಾಲ್ವ್ ಇದ್ದರೆ ಅದರ ಹಿಂದೆ ಪೂರ್ತಿ ಒತ್ತಡ ಉಳಿದಿರುತ್ತದೆ.

ಗ್ಯಾಸ್ ಡ್ರೈಯರ್ ಆದರೆ ಗ್ಯಾಸ್ ವಾಲ್ವ್, ಸ್ಟೀಮ್ ಆದರೆ ಸ್ಟೀಮ್ ವಾಲ್ವ್ ಕೂಡ ಮುಚ್ಚಿ. ಡ್ರಮ್ ತಣ್ಣಗಾಗಲಿ. ಗಾಳಿ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ, ಸೋಪಿನ ನೀರು ಸಾಕು. ಸುರಕ್ಷತಾ ಕನ್ನಡಕ ಹಾಕಿಕೊಳ್ಳಿ.

## ಬಟನ್ ಒತ್ತಿದರೆ ಸದ್ದೇ ಇಲ್ಲ

ವಾಲ್ವ್‌ನ ಕ್ಲಿಕ್ ಇಲ್ಲ, ಗಾಳಿಯ ಸುಯ್ ಎನ್ನುವ ಸದ್ದೂ ಇಲ್ಲ. ಅಂದರೆ ಆಜ್ಞೆ ವಾಲ್ವ್‌ವರೆಗೆ ಬಂದಿಲ್ಲ, ಇಲ್ಲವೇ ಕಾಯಿಲ್ ಕೆಟ್ಟಿದೆ. ಸ್ಪ್ಯಾನರ್ ಕೆಳಗಿಡಿ, ಇಲ್ಲಿ ಬೇಕಾಗಿರುವುದು ಕಣ್ಣು.

ಎಮರ್ಜೆನ್ಸಿ ಬಟನ್ ಒತ್ತಿದ ಹಾಗೇ ಉಳಿದಿದೆಯಾ ನೋಡಿ. ಒಂದಕ್ಕಿಂತ ಜಾಸ್ತಿ ಇರುತ್ತವೆ, ಹಿಂಬದಿಯದನ್ನು ಯಾರೂ ನೋಡುವುದಿಲ್ಲ. ಸ್ಕ್ರೀನ್ ಮೇಲೆ ಸಂದೇಶ ಇದ್ದರೆ ಅದನ್ನು ಅಳಿಸುವ ಮೊದಲು ಓದಿ, ಫೋಟೊ ತೆಗೆದುಕೊಳ್ಳಿ. ಒಣಗಿಸುವ ಸೈಕಲ್ ಮತ್ತು ತಣ್ಣಗಾಗುವ ಹಂತ ಮುಗಿಯದೆ ಟಿಲ್ಟ್ ಕೊಡದ ಯಂತ್ರಗಳಿವೆ. ಅಂಥ ಕಡೆ ಇದು ದೋಷವೇ ಅಲ್ಲ. ಬಟನ್ ಒತ್ತಿ ಹಿಡಿದಿದ್ದರೆ ಮಾತ್ರ ಚಲಿಸುವ ಯಂತ್ರಗಳೂ ಇವೆ. ಹೊಸ ಆಪರೇಟರ್ ಒಮ್ಮೆ ತಟ್ಟಿ ಕೈ ತೆಗೆದರೆ ಅದು ಕದಲುವುದಿಲ್ಲ.

ಮುಂದೆ ಬಾಗಿಲು. ಮುಂದಕ್ಕೆ ವಾಲಲು ಬಾಗಿಲು ಪೂರ್ತಿ ತೆರೆದಿದೆ ಎಂದು ಸ್ವಿಚ್ ಹೇಳಬೇಕು. ಬಾಗಿಲು ಒಂದೆರಡು ಇಂಚು ಕಡಿಮೆ ತೆರೆದಿದ್ದರೂ, ಸ್ವಿಚ್ ಮುಂದೆ ಲಿಂಟ್ ಕಟ್ಟಿದ್ದರೂ ಟಿಲ್ಟ್ ಬರುವುದಿಲ್ಲ. ಬಾಗಿಲನ್ನು ಕೈಯಿಂದ ಕೊನೆಯವರೆಗೆ ತಳ್ಳಿ ಹಿಡಿದು ನೋಡಿ. ಆಗ ಕೆಲಸ ಮಾಡಿದರೆ ದೋಷ ಟಿಲ್ಟ್‌ನದಲ್ಲ, ಬಾಗಿಲಿನದು.

ಗಾಳಿಯೇ ಬರುತ್ತಿಲ್ಲದಿದ್ದರೂ ಸದ್ದು ಇರದೇ ಇರಬಹುದು. ಒತ್ತಡ ಕಡಿಮೆಯಾದರೆ ಆಜ್ಞೆಯನ್ನೇ ತಡೆಯುವ ಪ್ರೆಷರ್ ಸ್ವಿಚ್ ಕೆಲವು ಯಂತ್ರಗಳಲ್ಲಿದೆ. ಗೋಡೆ ಮೇಲಿನ ಏರ್ ವಾಲ್ವನ್ನು ಯಾರೋ ಮುಚ್ಚಿ ಹೋಗಿರುತ್ತಾರೆ, ಅಷ್ಟೇ.

ಇಷ್ಟೆಲ್ಲ ಸರಿ ಇದ್ದರೆ ಪ್ಯಾನೆಲ್ ತೆರೆಯುವ ಹೊತ್ತು. ಈ ಭಾಗ ಎಲೆಕ್ಟ್ರಿಷಿಯನ್ ಕೆಲಸ. ಬಟನ್ ಒತ್ತಿದಾಗ ಪಿಎಲ್‌ಸಿಯ ಇನ್‌ಪುಟ್ ದೀಪ ಹತ್ತುತ್ತದೆಯೇ? ಹತ್ತದಿದ್ದರೆ ಬಟನ್ ಅಥವಾ ಅದರ ವೈರ್. ಇನ್‌ಪುಟ್ ಹತ್ತಿ ಔಟ್‌ಪುಟ್ ಹತ್ತದಿದ್ದರೆ ಯಾವುದೋ ಸುರಕ್ಷತಾ ಸ್ವಿಚ್ ಬೇಡ ಎನ್ನುತ್ತಿದೆ. ಔಟ್‌ಪುಟ್ ಹತ್ತಿಯೂ ವಾಲ್ವ್ ಪ್ಲಗ್‌ನ ದೀಪ ಹತ್ತದಿದ್ದರೆ ಫ್ಯೂಸ್, ರಿಲೇ ಅಥವಾ ನಡುವಿನ ಕೇಬಲ್. ಡ್ರೈಯರ್ ಜೊತೆ ಪ್ರತಿ ಸಲ ಬಾಗುವ ಕೇಬಲ್ ಮೇಲೆ ನನಗೆ ಯಾವಾಗಲೂ ಅನುಮಾನ. ಹೊರಗಿನ ಕವಚ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರ ತುಂಡಾಗಿರುತ್ತದೆ. ಕರೆಂಟ್ ಆರಿಸಿ, ಮೀಟರ್ ಹಚ್ಚಿ, ಕೇಬಲನ್ನು ಬಾಗಿಸುತ್ತಾ ಕಂಟಿನ್ಯುಟಿ ನೋಡಿದರೆ ಗೊತ್ತಾಗುತ್ತದೆ.

ಪ್ಲಗ್ ದೀಪ ಹತ್ತಿಯೂ ಕ್ಲಿಕ್ ಇಲ್ಲದಿದ್ದರೆ ಕಾಯಿಲ್ ನೋಡಿ. ಕರೆಂಟ್ ಆರಿಸಿ, ಪ್ಲಗ್ ತೆಗೆದು ಓಮ್ ಅಳೆಯಿರಿ. ಎಷ್ಟು ಬರಬೇಕು ಎನ್ನುವುದಕ್ಕೆ ಕಾಯಿಲ್ ಮೇಲೆ ಬರೆದ ವೋಲ್ಟ್ ಮತ್ತು ವ್ಯಾಟ್ ಸಾಕು: ಡಿಸಿ ಕಾಯಿಲ್ ಆದರೆ ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟ್‌ನಿಂದ ಭಾಗಿಸಿ. 24 ವೋಲ್ಟ್, 5 ವ್ಯಾಟ್ ಕಾಯಿಲ್‌ಗೆ ಸುಮಾರು 115 ಓಮ್. ಮೀಟರ್ ಓಪನ್ ತೋರಿಸಿದರೆ ಕಾಯಿಲ್ ಸುಟ್ಟಿದೆ. ಎಸಿ ಕಾಯಿಲ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಅದರ ಓಮ್ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಪಕ್ಕದ ಒಳ್ಳೆಯ ಕಾಯಿಲ್ ಜೊತೆ ಹೋಲಿಸಿ. ಎಸಿ ಕಾಯಿಲ್ ಪದೇ ಪದೇ ಸುಡುತ್ತಿದ್ದರೆ ಹೊಸದು ಹಾಕಿ ಸುಮ್ಮನಾಗಬೇಡಿ. ಕೊಳೆಯಿಂದ ಪ್ಲಂಜರ್ (ಕಾಯಿಲ್ ಎಳೆಯುವ ಕಬ್ಬಿಣದ ಕಡ್ಡಿ) ಪೂರ್ತಿ ಒಳಗೆ ಹೋಗದಿದ್ದರೆ ಎಸಿ ಕಾಯಿಲ್ ಜಾಸ್ತಿ ಕರೆಂಟ್ ಎಳೆಯುತ್ತಲೇ ಇರುತ್ತದೆ, ಗುಂಯ್ ಎನ್ನುತ್ತದೆ, ಕೊನೆಗೆ ಸುಡುತ್ತದೆ.

## ಕ್ಲಿಕ್ ಕೇಳುತ್ತದೆ, ಡ್ರೈಯರ್ ಕದಲುವುದಿಲ್ಲ

ಆಜ್ಞೆ ಬಂದಿದೆ. ಈಗ ಗಾಳಿಯ ಸರದಿ.

ಮೊದಲು ಯಂತ್ರದ ಪಕ್ಕದ ರೆಗ್ಯುಲೇಟರ್ ಗೇಜ್ ನೋಡಿ. ಕಂಪ್ರೆಸರ್ ರೂಮಿನ ಗೇಜ್ ಇಲ್ಲಿ ಸಾಕ್ಷಿ ಆಗುವುದಿಲ್ಲ. ಇಂಥ ಯಂತ್ರಗಳು ಸಾಮಾನ್ಯವಾಗಿ 5.5ರಿಂದ 7 ಬಾರ್ ನಡುವೆ ಕೆಲಸ ಮಾಡುತ್ತವೆ. ನಿಮ್ಮ ಯಂತ್ರದ ಫಲಕದಲ್ಲಿ ಬರೆದ ಅಂಕಿಯೇ ಅಂತಿಮ. ಪೈಲಟ್ ಮಾದರಿಯ ಸೊಲೆನಾಯ್ಡ್ ವಾಲ್ವ್‌ಗಳು ಒಳಗಿನ ಸ್ಪೂಲನ್ನು (ಜಾರಿ ಗಾಳಿಯ ದಾರಿ ಬದಲಿಸುವ ದಂಡ) ತಳ್ಳಲು ಗಾಳಿಯನ್ನೇ ಬಳಸುತ್ತವೆ. ಒತ್ತಡ ತೀರಾ ಇಳಿದರೆ, ಬಹಳ ವಾಲ್ವ್‌ಗಳಲ್ಲಿ 1.5ರಿಂದ 2.5 ಬಾರ್‌ಗಿಂತ ಕೆಳಗೆ ಹೋದರೆ, ಕಾಯಿಲ್ ಕ್ಲಿಕ್ ಎಂದರೂ ಸ್ಪೂಲ್ ಕದಲುವುದಿಲ್ಲ. ಆಗ ವಾಲ್ವ್ ಕೆಟ್ಟಂತೆ ಕಾಣುತ್ತದೆ, ಕೆಟ್ಟಿರುವುದಿಲ್ಲ.

ಒತ್ತಡ ಸರಿ ಇದ್ದರೆ, ಇತ್ತೀಚೆಗೆ ಸರ್ವಿಸ್ ಆಗಿದೆಯಾ ಕೇಳಿ. ಸೇಫ್ಟಿ ಪ್ರಾಪ್ ಅಥವಾ ಪಿನ್ ತೆಗೆಯದೇ ಬಿಟ್ಟಿದ್ದರೆ ಡ್ರೈಯರ್ ಏಳುವುದಿಲ್ಲ. ಹಿಂಬದಿಯ ಎಕ್ಸಾಸ್ಟ್ ಡಕ್ಟ್ ಜಾರುವ ಜಾಗದಲ್ಲಿ ಸಿಕ್ಕಿಕೊಂಡಿದ್ದರೂ ಹೀಗೇ ಆಗುತ್ತದೆ. ಡಕ್ಟ್ ಜೋಡಣೆಯನ್ನು ಯಾರಾದರೂ ಸ್ಕ್ರೂ ಹಾಕಿ ಬಿಗಿ ಮಾಡಿದ್ದಾರಾ ನೋಡಿ.

ಇನ್ನೂ ಗೊತ್ತಾಗದಿದ್ದರೆ ವಾಲ್ವ್ ಮೇಲಿನ ಮ್ಯಾನುಯಲ್ ಓವರ್‌ರೈಡ್ ಇದೆ. ಚಿಕ್ಕ ಗುಂಡಿ, ಸ್ಕ್ರೂಡ್ರೈವರ್‌ನಿಂದ ಒತ್ತುವಂಥದು. ಇದನ್ನು ಒತ್ತಿದಾಗ ಬಾಗಿಲು ಸ್ವಿಚ್, ಎಮರ್ಜೆನ್ಸಿ ಬಟನ್ ಯಾವುದೂ ಲೆಕ್ಕಕ್ಕಿರುವುದಿಲ್ಲ, ಡ್ರೈಯರ್ ನೇರ ಚಲಿಸುತ್ತದೆ. ಹಾಗಾಗಿ ಡ್ರಮ್ ಖಾಲಿ ಇರಬೇಕು, ಸುತ್ತ ಯಾರೂ ಇರಬಾರದು, ಯಂತ್ರ ಕಾಣುವ ಜಾಗದಲ್ಲಿ ಇನ್ನೊಬ್ಬರು ನಿಂತಿರಬೇಕು, ಒತ್ತುವವರ ಕೈ ಚೌಕಟ್ಟಿನ ಹೊರಗೇ ಇರಬೇಕು. ಒತ್ತಿದಾಗ ಸರಿಯಾಗಿ ಎದ್ದರೆ ಗಾಳಿಯ ಕಡೆ ದೋಷವಿಲ್ಲ, ಕಾಯಿಲ್ ಶಕ್ತಿ ಸಾಲುತ್ತಿಲ್ಲ. ಒತ್ತಿದರೂ ಏಳದಿದ್ದರೆ ಸ್ಪೂಲ್ ಅಂಟಿಕೊಂಡಿದೆ ಅಥವಾ ವಾಲ್ವ್‌ನಿಂದ ಮುಂದೆ ಪೈಪ್ ಕಟ್ಟಿದೆ. ಪರೀಕ್ಷೆ ಮುಗಿದ ಮೇಲೆ ಗುಂಡಿ ಹೊರಗೆ ಬಂದಿದೆಯಾ ಖಚಿತ ಮಾಡಿಕೊಳ್ಳಿ. ಕೆಲವನ್ನು ತಿರುಗಿಸಿದರೆ ಒಳಗೇ ಲಾಕ್ ಆಗುತ್ತವೆ.

## ಏಳುತ್ತದೆ, ಆದರೆ ನಿಧಾನ, ಅರ್ಧಕ್ಕೇ ನಿಲ್ಲುತ್ತದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. ಅತಿ ಹೆಚ್ಚು ತಪ್ಪು ರಿಪೇರಿ ಆಗುವುದೂ ಇದರಲ್ಲೇ.

ಇಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ, ಪುಕ್ಕಟೆ. ಡ್ರೈಯರ್ ಏಳುತ್ತಿರುವಾಗ ಗೇಜ್ ನೋಡಿ. ನಿಂತಾಗ ಅಲ್ಲ, ಏಳುತ್ತಿರುವಾಗ. ಗಾಳಿ ಹರಿಯದೆ ನಿಂತಿದ್ದಾಗ ಅರ್ಧ ಕಟ್ಟಿಹೋದ ಪೈಪಿನ ಕೊನೆಯಲ್ಲೂ ಒತ್ತಡ ತುಂಬಿಕೊಂಡು ಗೇಜ್ 6 ಬಾರ್ ತೋರಿಸುತ್ತದೆ. ಹರಿವು ಶುರುವಾದ ಕೂಡಲೇ ನಿಜ ಹೊರಬೀಳುತ್ತದೆ. ಮುಳ್ಳು 6ರಿಂದ 5.5ಕ್ಕೆ ಇಳಿದು ಮತ್ತೆ ಏರಿದರೆ ಗಾಬರಿ ಬೇಡ. 3ಕ್ಕೆ ಕುಸಿದು ಅಲ್ಲೇ ಕೂತರೆ ಗಾಳಿ ಬರುವ ದಾರಿ ಇಕ್ಕಟ್ಟಾಗಿದೆ. ಮುಳ್ಳು ಕದಲದೇ 6ರಲ್ಲೇ ನಿಂತು ಡ್ರೈಯರ್ ಮಾತ್ರ ತೆವಳುತ್ತಿದ್ದರೆ ಇಕ್ಕಟ್ಟು ಗೇಜ್‌ನಿಂದ ಮುಂದಿದೆ: ವಾಲ್ವ್, ವೇಗ ಹೊಂದಿಸುವ ಫ್ಲೋ ಕಂಟ್ರೋಲ್ ಸ್ಕ್ರೂ, ಗಾಳಿ ಹೊರಬಿಡುವ ಬಾಯಿಯ ಮಫ್ಲರ್, ಅಥವಾ ಯಂತ್ರದ ಕೀಲು.

ಒತ್ತಡ ಏಕೆ ಇಷ್ಟು ಮುಖ್ಯ? ಲೆಕ್ಕ ಮಾಡಿ ನೋಡಿ. 100 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್‌ನ ಪಿಸ್ಟನ್ ವಿಸ್ತೀರ್ಣ 78.5 ಚದರ ಸೆಂಟಿಮೀಟರ್. 6 ಬಾರ್‌ನಲ್ಲಿ ಅದು ಸುಮಾರು 4,700 ನ್ಯೂಟನ್ ತಳ್ಳುತ್ತದೆ, ಅಂದರೆ 480 ಕಿಲೋ ಭಾರಕ್ಕೆ ಸಮ. 4 ಬಾರ್‌ಗೆ ಇಳಿದರೆ 320 ಕಿಲೋ. ಎರಡು ಬಾರ್ ಕಡಿಮೆಯಾದರೆ ಮೂರನೇ ಒಂದು ಭಾಗ ಬಲ ಹೋಯಿತು. ಏರ್ ಬ್ಯಾಗ್‌ನಲ್ಲಿ ಇನ್ನೊಂದು ವಿಷಯ ಇದೆ. ಅದು ಮೇಲಕ್ಕೆ ಉಬ್ಬಿದಷ್ಟೂ ಅದೇ ಒತ್ತಡಕ್ಕೆ ಕೊಡುವ ಬಲ ಕಡಿಮೆಯಾಗುತ್ತದೆ. ಆದ್ದರಿಂದ ಒತ್ತಡ ಸ್ವಲ್ಪ ಸಾಲದಿದ್ದರೆ ಬ್ಯಾಗ್ ಇರುವ ಯಂತ್ರ ಸಲೀಸಾಗಿ ಎದ್ದು, ಕೊನೆಯ ಕಾಲು ಭಾಗದಲ್ಲಿ ನಿಂತುಬಿಡುತ್ತದೆ.

ಎರಡು ಕಡೆ ವಾಲುವ ಯಂತ್ರವಾದರೆ ಹೋಲಿಸಿ ನೋಡಬಹುದು. ಮುಂದಕ್ಕೆ ವಾಲುವಾಗ ಒಳಗಿರುವುದು ಒಣ ಬಟ್ಟೆ. ಹಿಂದಕ್ಕೆ ವಾಲುವಾಗ ಬೀಳುವುದು ಒದ್ದೆ ಬಟ್ಟೆ. ಹಿಂಡಿ ತಂದ ಹತ್ತಿ ಬಟ್ಟೆಯಲ್ಲೂ ಒಣ ತೂಕದ ಸುಮಾರು ಅರ್ಧದಷ್ಟು ನೀರು ಇರುತ್ತದೆ, 100 ಕಿಲೋ ಬಟ್ಟೆ 150 ಕಿಲೋ ತೂಗುತ್ತದೆ. ಹಿಂದಿನ ಟಿಲ್ಟ್ ಮಾತ್ರ ಸೋತು, ಅದೂ ಲೋಡ್ ಇದ್ದಾಗ ಮಾತ್ರ ಸೋತರೆ, ಒತ್ತಡ ಕಡಿಮೆ ಇದೆ ಅಥವಾ ಹಿಂಡುವ ಯಂತ್ರ ನೀರು ಉಳಿಸುತ್ತಿದೆ. ಖಾಲಿ ಇದ್ದಾಗಲೂ ಒಂದೇ ದಿಕ್ಕು ಸೋತರೆ ಆ ದಿಕ್ಕಿನ ವಾಲ್ವ್, ಪೈಪ್ ನೋಡಿ. ಎರಡೂ ದಿಕ್ಕು ಒಟ್ಟಿಗೆ ನಿಧಾನವಾದರೆ ಎರಡಕ್ಕೂ ಗಾಳಿ ಕೊಡುವ ದಾರಿಯಲ್ಲೇ ತೊಂದರೆ.

ಆ ದಾರಿಯನ್ನು ಕಂಪ್ರೆಸರ್ ಕಡೆಯಿಂದ ಹೀಗೆ ನೋಡುತ್ತಾ ಬನ್ನಿ. ಫಿಲ್ಟರ್ ಬಟ್ಟಲಿನಲ್ಲಿ ನೀರು ತುಂಬಿದೆಯಾ? ಕೆಳಗಿನ ಡ್ರೈನ್ ತೆರೆದು ಬಿಡಿ. ಬಟ್ಟಲು ಪದೇ ಪದೇ ತುಂಬುತ್ತಿದ್ದರೆ ಕಂಪ್ರೆಸರ್ ಟ್ಯಾಂಕಿನ ಡ್ರೈನ್ ಮತ್ತು ಗಾಳಿಯ ನೀರು ತೆಗೆಯುವ ಏರ್ ಡ್ರೈಯರ್ ನೋಡಬೇಕು, ಇಲ್ಲದಿದ್ದರೆ ಅದೇ ನೀರು ವಾಲ್ವ್ ಒಳಗೆ ಹೋಗಿ ಗ್ರೀಸ್ ತೊಳೆದು ತುಕ್ಕು ಹಿಡಿಸುತ್ತದೆ. ಫಿಲ್ಟರ್ ಎಲಿಮೆಂಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಪ್ಲಾಸ್ಟಿಕ್ ಬಟ್ಟಲನ್ನು ಸೋಪು ನೀರಿನಲ್ಲಿ ಮಾತ್ರ ತೊಳೆಯಿರಿ. ಥಿನ್ನರ್, ಪೆಟ್ರೋಲ್ ತಾಗಿದ ಪಾಲಿಕಾರ್ಬೊನೇಟ್ ಕಾಣದಂತೆ ಬಿರುಕು ಬಿಟ್ಟು, ಒತ್ತಡ ಬಂದಾಗ ಸಿಡಿಯುತ್ತದೆ. ಬಿಸಿಗೆ ಗಟ್ಟಿಯಾದ ಪೈಪ್, ಮಡಚಿದ ಪೈಪ್, ಟ್ರಾಲಿ ಚಕ್ರದಡಿ ಸಿಕ್ಕು ಚಪ್ಪಟೆಯಾದ ಪೈಪ್ ಕಣ್ಣಿಗೇ ಕಾಣುತ್ತದೆ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

ಮಫ್ಲರ್ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ವಾಲ್ವ್‌ನ ಹೊರಬಿಡುವ ಬಾಯಿಗೆ ಹಾಕಿದ ಈ ಚಿಕ್ಕ ರಂಧ್ರದ ಭಾಗ ಲಿಂಟ್ ಮತ್ತು ಎಣ್ಣೆ ಸೇರಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಒಂದು ಕಡೆಯ ಗಾಳಿ ಹೊರಹೋಗದಿದ್ದರೆ ಇನ್ನೊಂದು ಕಡೆಯ ಗಾಳಿ ಪಿಸ್ಟನ್ನನ್ನು ತಳ್ಳಲಾಗುವುದಿಲ್ಲ. ಒತ್ತಡ ಪೂರ್ತಿ ಇದೆ, ಡ್ರೈಯರ್ ತೆವಳುತ್ತದೆ. ಗಾಳಿ ಕಡಿದು, ಒತ್ತಡ ತೆಗೆದು, ಮಫ್ಲರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಟ್ಟಿದ್ದರೆ ಹೊಸದು ಹಾಕಿ, ಬೆಲೆ ಏನೂ ಅಲ್ಲ. ಮಫ್ಲರ್ ಇಲ್ಲದೇ ಓಡಿಸಿದರೆ ವೇಗ ಬದಲಾಗುತ್ತದೆ, ಲಿಂಟ್ ನೇರ ವಾಲ್ವ್ ಒಳಗೇ ಹೋಗುತ್ತದೆ.

ಕೆಲವು ಗಂಟೆಗಳಲ್ಲಿ ಮಾತ್ರ ನಿಧಾನವಾದರೆ ಬೇರೆ ಯಂತ್ರಗಳನ್ನು ಗಮನಿಸಿ. ಬಟ್ಟೆ ಮಡಚುವ ಫೋಲ್ಡರ್, ಪ್ರೆಸ್ ಎಲ್ಲ ಒಟ್ಟಿಗೆ ಗಾಳಿ ಎಳೆದಾಗ ಲೈನಿನ ಒತ್ತಡ ಕುಸಿಯುತ್ತದೆ. ಆಗ ಡ್ರೈಯರ್ ಬಿಚ್ಚಿ ಪ್ರಯೋಜನವಿಲ್ಲ. ಡ್ರೈಯರ್ ಹತ್ತಿರ ಗಾಳಿ ಟ್ಯಾಂಕ್ ಬೇಕಾಗಬಹುದು.

ನಿಧಾನ ಎಂದು ರೆಗ್ಯುಲೇಟರ್ ತಿರುಗಿಸಿ ಒತ್ತಡ ಏರಿಸುವುದನ್ನು ಮಾತ್ರ ಮಾಡಬೇಡಿ. ಆ ದಿನ ಕೆಲಸ ನಡೆಯುತ್ತದೆ. ಆಮೇಲೆ ಕಟ್ಟಿದ ಮಫ್ಲರ್ ಬದಲಿಸಿದ ದಿನ ಡ್ರೈಯರ್ ಜಿಗಿಯುತ್ತದೆ. ಏರ್ ಬ್ಯಾಗ್‌ಗಳಿಗೆ ಗರಿಷ್ಠ ಒತ್ತಡ ನಿಗದಿಯಾಗಿರುತ್ತದೆ, ಅದನ್ನು ಮೀರಿದರೆ ಬ್ಯಾಗ್ ಒಡೆಯುತ್ತದೆ. ಮೊದಲು ಸಾಕಾಗುತ್ತಿದ್ದ ಒತ್ತಡ ಈಗ ಸಾಲದಿದ್ದರೆ ಏನೋ ಬದಲಾಗಿದೆ. ಅದನ್ನು ಹುಡುಕಿ.

ಕೊನೆಯದಾಗಿ ಸಿಲಿಂಡರ್. ಎರಡೂ ಕಡೆ ಗಾಳಿ ಹೋಗುವ ಸಿಲಿಂಡರ್‌ನಲ್ಲಿ ಪಿಸ್ಟನ್ ಸೀಲ್ ಸವೆದರೆ ಗಾಳಿ ಒಳಗೊಳಗೇ ದಾಟಿ, ವಾಲ್ವ್‌ನ ಮಫ್ಲರ್‌ನಿಂದ ಸದಾ ಸೋರುತ್ತದೆ. ವಾಲ್ವ್ ಸೀಲ್ ಹೋದರೂ ಹಾಗೇ ಸೋರುತ್ತದೆ. ಬೇರೆ ಮಾಡುವುದು ಹೇಗೆ? ಡ್ರೈಯರ್ ಪೂರ್ತಿ ಕೆಳಗೆ ಕೂತಿರುವಾಗ ಗಾಳಿ ಕಡಿದು, ಎತ್ತುವ ಕಡೆಯ ಪೈಪನ್ನು ವಾಲ್ವ್‌ನಿಂದ ಬಿಚ್ಚಿ, ವಾಲ್ವ್‌ನ ಆ ಬಾಯಿಗೆ ಪ್ಲಗ್ ಹಾಕಿ. ಬಿಚ್ಚಿದ ಪೈಪ್ ತುದಿಯನ್ನು ಕಟ್ಟಿ ಭದ್ರ ಮಾಡಿ, ಮುಖದಿಂದ ದೂರ ಇರಲಿ. ಇಳಿಸುವ ಕಡೆಗೆ ಗಾಳಿ ಕೊಡಿ. ಪೈಪಿನಿಂದ ಗಾಳಿ ಬಂದರೆ ಸಿಲಿಂಡರ್ ಸೀಲ್. ಪೈಪ್ ಮೌನವಾಗಿದ್ದು ಮಫ್ಲರ್‌ನಿಂದ ಬರುತ್ತಿದ್ದರೆ ವಾಲ್ವ್.

## ಎತ್ತಿದ್ದು ತಾನಾಗಿ ಇಳಿಯುತ್ತದೆ

ಇದನ್ನು ಕಂಡ ಕೂಡಲೇ ಯಂತ್ರ ನಿಲ್ಲಿಸಿ. ಈ ಲೋಡ್ ಮುಗಿಸಿಬಿಡೋಣ ಎನ್ನುವ ಮಾತು ಬೇಡ. ಇಂದು ನಿಧಾನಕ್ಕೆ ಇಳಿಯುವುದು ನಾಳೆ ಒಮ್ಮೆಗೇ ಬೀಳಬಹುದು.

ಇಳಿಯುವಾಗ ಕಿವಿಗೊಡಿ, ದೂರದಿಂದ. ಡ್ರೈಯರ್ ಕೆಳಗಿನಿಂದ ಸುಯ್ ಎಂದರೆ ಬ್ಯಾಗ್, ಪೈಪ್ ಅಥವಾ ಫಿಟ್ಟಿಂಗ್. ವಾಲ್ವ್ ಬಳಿಯಿಂದ ಬಂದರೆ ವಾಲ್ವ್ ಸೀಲ್ ಅಥವಾ ಸಿಲಿಂಡರ್ ಸೀಲ್. ಸದ್ದಿಲ್ಲದೇ ಇಳಿದರೆ, ಎತ್ತಿ ಹಿಡಿಯಬೇಕಾದ ಚೆಕ್ ವಾಲ್ವ್‌ನಲ್ಲಿ ಕೊಳೆ ಕೂತು ಗಾಳಿ ಹಿಂದಕ್ಕೆ ಜಿನುಗುತ್ತಿರಬಹುದು. ಪ್ರಾಪ್ ಹಾಕಿದ ಮೇಲೆ ಮಾತ್ರ ಹತ್ತಿರ ಹೋಗಿ ಸೋಪಿನ ನೀರು ಹಚ್ಚಿ. ಬ್ಯಾಗ್‌ನ ರಬ್ಬರ್‌ನಲ್ಲಿ ಒಳಗಿನ ನೂಲು ಕಾಣುವಷ್ಟು ಬಿರುಕಿದ್ದರೆ ಪ್ಯಾಚ್ ಹಾಕುವ ಯೋಚನೆಯೇ ಬೇಡ, ಬದಲಿಸಬೇಕು. ಜೋಡಿ ಬ್ಯಾಗ್‌ಗಳಲ್ಲಿ ಒಂದು ವಯಸ್ಸಾಗಿ ಹೋಗಿದ್ದರೆ ಇನ್ನೊಂದನ್ನೂ ಬದಲಿಸುವುದು ಒಳ್ಳೆಯದು. ಹೊಸ ಬ್ಯಾಗನ್ನು ಮೇಜಿನ ಮೇಲಿಟ್ಟು ಗಾಳಿ ತುಂಬಿ ಪರೀಕ್ಷೆ ಮಾಡಬೇಡಿ. ಮೇಲೆ ಕೆಳಗೆ ಹಿಡಿತ ಇಲ್ಲದ ಬ್ಯಾಗ್ ಸಿಡಿಯುತ್ತದೆ.

## ಇಳಿಯುವುದೇ ಇಲ್ಲ, ಅಥವಾ ದೊಪ್ಪನೆ ಬೀಳುತ್ತದೆ

ಮೇಲೆ ಸಿಕ್ಕಿಕೊಂಡ ಡ್ರೈಯರ್ ಕಂಡಾಗ ಪೈಪ್ ಸಡಿಲಿಸಿ ಗಾಳಿ ಬಿಡೋಣ ಅನಿಸುತ್ತದೆ. ಖಂಡಿತ ಬೇಡ. ಸಡಿಲಿಸಿದ ಮೇಲೆ ಅದು ಎಷ್ಟು ವೇಗದಲ್ಲಿ ಬರುತ್ತದೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಯಂತ್ರಕ್ಕೆ ಕೈಯಿಂದ ಇಳಿಸುವ ವಾಲ್ವ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಇಳಿಸುವ ಕಡೆಯ ಓವರ್‌ರೈಡ್, ಮೇಲೆ ಹೇಳಿದ ಎಚ್ಚರಿಕೆಗಳೊಂದಿಗೆ. ಎರಡೂ ಆಗದಿದ್ದರೆ ಯಾರೂ ಹತ್ತಿರ ಬರದಂತೆ ಸುತ್ತ ತಡೆ ಕಟ್ಟಿ, ತಯಾರಕರ ತಂತ್ರಜ್ಞರನ್ನು ಕರೆಸಿ.

ಇಳಿಯದಿರಲು ಸಾಮಾನ್ಯ ಕಾರಣಗಳು: ಮಫ್ಲರ್ ಕಟ್ಟಿರುವುದು, ಸ್ಪೂಲ್ ಅಂಟಿರುವುದು, ಕೆಳಗೆ ಟ್ರಾಲಿ ಇದೆ ಎಂದು ಹೇಳುವ ಸೆನ್ಸರ್ ಮೇಲೆ ಲಿಂಟ್ ಕೂತಿರುವುದು. ಚೆಕ್ ವಾಲ್ವ್ ಇರುವ ಸಿಲಿಂಡರ್‌ನಲ್ಲಿ ಇನ್ನೊಂದಿದೆ. ಆ ಲಾಕ್ ಬಿಡಿಸಲು ಇಳಿಸುವ ಕಡೆಯಿಂದ ಗಾಳಿ ಬೇಕು. ಮೇನ್ ಗಾಳಿ ಹೋಗಿದ್ದರೆ ಡ್ರೈಯರ್ ಮೇಲೇ ಉಳಿಯುತ್ತದೆ, ಅದು ಇರಬೇಕಾದ್ದೇ ಹಾಗೆ.

ದೊಪ್ಪನೆ ಬೀಳುವುದು ಹೆಚ್ಚಾಗಿ ಫ್ಲೋ ಕಂಟ್ರೋಲ್ ತಿರುಗಿ ಪೂರ್ತಿ ತೆರೆದುಕೊಂಡಾಗ. ಸ್ಕ್ರೂವನ್ನು ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ ಪ್ರತಿ ಸಲ ಖಾಲಿ ಡ್ರಮ್ ಇಳಿಸಿ ನೋಡಿ, ಆಮೇಲೆ ಲಾಕ್ ನಟ್ ಹಾಕಿ. ರಿಪೇರಿ ಆದ ಮೇಲಿನ ಮೊದಲ ಚಲನೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಫ್ಲೋ ಕಂಟ್ರೋಲ್ ವೇಗ ತಡೆಯುವುದು ಹೊರಹೋಗುವ ಗಾಳಿಯನ್ನು ಹಿಡಿದು. ನೀವು ಒತ್ತಡ ಪೂರ್ತಿ ತೆಗೆದಿದ್ದರೆ ಆ ಕಡೆ ಹಿಡಿಯಲು ಗಾಳಿಯೇ ಇರುವುದಿಲ್ಲ, ಪಿಸ್ಟನ್ ಒಮ್ಮೆಗೇ ಚಿಮ್ಮುತ್ತದೆ. ಗಾಳಿಯನ್ನು ನಿಧಾನಕ್ಕೆ ತೆರೆಯಿರಿ, ಮೊದಲ ಚಲನೆಗೆ ಎಲ್ಲರೂ ದೂರ ಇರಲಿ.

## ಒಂದು ಪಕ್ಕ ಮೊದಲು ಏಳುತ್ತದೆ

ಎಡಬಲದ ಬ್ಯಾಗ್‌ಗಳಲ್ಲಿ ಒಂದಕ್ಕೆ ಗಾಳಿ ಕಡಿಮೆ ಹೋಗುತ್ತಿದೆ, ಒಂದು ಸೋರುತ್ತಿದೆ, ಅಥವಾ ಒಂದು ಪಕ್ಕದ ಕೀಲಿನ ಬೇರಿಂಗ್ ಗ್ರೀಸ್ ಇಲ್ಲದೆ ಬಿಗಿದಿದೆ. ಬೇರಿಂಗ್ ಆದರೆ ಕಿರ್ ಎನ್ನುವ ಸದ್ದು, ಕೆಳಗೆ ಕೆಂಪು ಪುಡಿ ಇರುತ್ತದೆ. ಇದನ್ನು ಹಾಗೇ ಓಡಿಸಬೇಡಿ. ಪ್ರತಿ ಸಲ ಚೌಕಟ್ಟು ತಿರುಚಿಕೊಳ್ಳುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ಕೀಲಿನ ಸುತ್ತ ಬಣ್ಣ ಕೂದಲೆಳೆಯಂತೆ ಒಡೆದಿದ್ದರೆ ಅದು ಬೆಸುಗೆಯ ಬಿರುಕಿರಬಹುದು. ಯಂತ್ರ ನಿಲ್ಲಿಸಿ ತಜ್ಞರಿಗೆ ತೋರಿಸಿ.

## ಕೆಳಗೆ ಕೂತಿದೆ, ಆದರೂ ಡ್ರೈಯರ್ ಸ್ಟಾರ್ಟ್ ಆಗುವುದಿಲ್ಲ

ಟಿಲ್ಟ್ ಚೆನ್ನಾಗಿದೆ, ಒಣಗಿಸುವುದು ಮಾತ್ರ ಶುರುವಾಗುವುದಿಲ್ಲ. ಹೋಮ್ ಸ್ವಿಚ್ ತೃಪ್ತಿಯಾಗಿಲ್ಲ. ಡ್ರೈಯರ್ ತನ್ನ ಜಾಗದಲ್ಲಿ ಸಮವಾಗಿ ಕೂತಿದೆ ಎಂದು ಆ ಸ್ವಿಚ್ ಹೇಳದೆ ಬರ್ನರ್ ಹತ್ತಬಾರದು.

ಮೊದಲು ಚೌಕಟ್ಟು ಕೂರುವ ರಬ್ಬರ್ ಪ್ಯಾಡ್ ನೋಡಿ. ಪ್ರಾಪ್ ಹಾಕಿ, ಅಲ್ಲಿ ಸಿಕ್ಕ ಲಿಂಟ್ ಗಂಟು, ಬಿದ್ದ ಟವೆಲ್ ತೆಗೆಯಿರಿ. ಒಂದು ಕೈವಸ್ತ್ರ ಸಿಕ್ಕಿಕೊಂಡರೂ ಡ್ರೈಯರ್ ಕೆಲವು ಮಿಲಿಮೀಟರ್ ಮೇಲೇ ನಿಲ್ಲುತ್ತದೆ, ಕಣ್ಣಿಗೆ ಕೂತಂತೆ ಕಾಣುತ್ತದೆ. ಸೆನ್ಸರ್‌ಗೆ ಆ ಕೆಲವು ಮಿಲಿಮೀಟರೇ ಜಾಸ್ತಿ. 18 ಮಿಲಿಮೀಟರ್ ದಪ್ಪದ ಸಾಮಾನ್ಯ ಪ್ರಾಕ್ಸಿಮಿಟಿ ಸೆನ್ಸರ್ ಲೋಹವನ್ನು ಗುರುತಿಸುವುದು 5ರಿಂದ 8 ಮಿಲಿಮೀಟರ್ ಒಳಗೆ. ಅದರ ಹಿಂದಿನ ಚಿಕ್ಕ ದೀಪ ನೋಡಿ. ಸ್ಪ್ಯಾನರ್ ಮುಂದೆ ಹಿಡಿದಾಗ ಹತ್ತಿದರೆ ಸೆನ್ಸರ್ ಚೆನ್ನಾಗಿದೆ, ಅಂತರ ತಪ್ಪಿದೆ. ಪ್ರತಿ ಸಲ ಡ್ರೈಯರ್ ಕೂರುವ ಏಟಿಗೆ ಬ್ರಾಕೆಟ್ ಬಾಗುತ್ತದೆ, ನಟ್ ಸಡಿಲಾಗುತ್ತದೆ. ಅಂತರ ಸರಿಮಾಡಿ ಬಿಗಿಯಿರಿ. ಮತ್ತೆ ಮತ್ತೆ ತಪ್ಪುತ್ತಿದ್ದರೆ ಇಳಿಯುವ ವೇಗ ಜಾಸ್ತಿ ಇದೆ ಎಂದರ್ಥ, ಹಿಂದಿನ ಭಾಗಕ್ಕೆ ಹೋಗಿ.

ಇಲ್ಲಿ ಒಂದು ತುಂಡು ವೈರ್ ಹಾಕಿ ಸ್ವಿಚ್ ಜಂಪರ್ ಮಾಡುವ ಆಸೆ ಬರುತ್ತದೆ. ಕೆಲಸ ಬಾಕಿ ಇದೆ, ಸೂಪರ್‌ವೈಸರ್ ನಿಂತಿದ್ದಾರೆ, ಎಲ್ಲ ಅರ್ಥವಾಗುತ್ತದೆ. ಆದರೂ ಮಾಡಬೇಡಿ. ಡ್ರೈಯರ್ ವಾಲಿದ್ದಾಗ ಎಕ್ಸಾಸ್ಟ್ ಡಕ್ಟ್ ತನ್ನ ಜೋಡಣೆಯಿಂದ ಸರಿದಿರುತ್ತದೆ. ಆಗ ಬರ್ನರ್ ಹತ್ತಿದರೆ ಬಿಸಿ ಗಾಳಿ ಮತ್ತು ಸುಟ್ಟ ಅನಿಲ ಲಾಂಡ್ರಿಯ ಒಳಗೇ ಉಳಿಯುತ್ತದೆ, ಸುತ್ತ ಲಿಂಟ್ ಇರುತ್ತದೆ. ಅದಕ್ಕೆ ಬೆಂಕಿ ಹಿಡಿಯಲು ಹೊತ್ತು ಬೇಕಿಲ್ಲ. ಹಳೆಯ ಜಂಪರ್ ಸಿಕ್ಕರೆ ತೆಗೆದು, ಯಾಕೆ ಹಾಕಿದ್ದರು ಎಂದು ಹುಡುಕಿ.

## ಒಮ್ಮೆ ಸರಿ, ಒಮ್ಮೆ ಇಲ್ಲ

ಇಂಥದ್ದಕ್ಕೆ ಹೊತ್ತು ಬರೆದಿಡುವುದೇ ಔಷಧಿ. ಬೆಳಿಗ್ಗೆ ಮೊದಲ ಸಲ ಮಾತ್ರ ತಡವರಿಸಿದರೆ ರಾತ್ರಿ ತಣಿದ ಲೈನಿನಲ್ಲಿ ನೀರು ಸೇರಿದೆ, ಅಥವಾ ವಾಲ್ವ್‌ನ ಹಳೆ ಎಣ್ಣೆ ಅಂಟಾಗಿದೆ. ದಿನ ಏರಿದಂತೆ ಕೆಟ್ಟರೆ ಕಾಯಿಲ್ ಮೇಲೆ ಅನುಮಾನ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.4% ಏರುತ್ತದೆ. 50 ಡಿಗ್ರಿ ಹೆಚ್ಚು ಬಿಸಿಯಾದ ಡಿಸಿ ಕಾಯಿಲ್‌ಗೆ ಅದು 20% ಆಯಿತು, ಕರೆಂಟ್ ಇಳಿದು ಎಳೆಯುವ ಬಲವೂ ಕುಗ್ಗುತ್ತದೆ. ವೋಲ್ಟೇಜ್ ಕೂಡ ಸ್ವಲ್ಪ ಕಡಿಮೆ ಇದ್ದರೆ, ಕೊಳೆ ಹಿಡಿದ ವಾಲ್ವ್ ತೆರೆಯುವುದಿಲ್ಲ. ಡ್ರೈಯರ್ ಒಂದು ಕೋನಕ್ಕೆ ಬಂದಾಗಲೇ ಪ್ರತಿ ಸಲ ನಿಂತರೆ ಬಾಗುವ ಕೇಬಲ್ ನೋಡಿ.

ಎಣ್ಣೆಯ ವಿಷಯ: ಈಗಿನ ಬಹಳ ವಾಲ್ವ್‌ಗಳು ಗ್ರೀಸ್ ಹಾಕಿಯೇ ಬರುತ್ತವೆ, ಗಾಳಿಯಲ್ಲಿ ಎಣ್ಣೆ ಬೇಡುವುದಿಲ್ಲ. ಒಮ್ಮೆ ಲ್ಯೂಬ್ರಿಕೇಟರ್‌ನಿಂದ ಎಣ್ಣೆ ಕೊಡಲು ಶುರುಮಾಡಿದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಆಮೇಲೆ ನಿಲ್ಲಿಸುವಂತಿಲ್ಲ. ಯಂತ್ರದ ಕೈಪಿಡಿ ಕೇಳದಿದ್ದರೆ ಹಾಕಬೇಡಿ.

## ಎಲ್ಲಿ ನಿಲ್ಲಿಸಬೇಕು

ಚೌಕಟ್ಟಿನಲ್ಲಿ ಅಥವಾ ಕೀಲಿನಲ್ಲಿ ಬಿರುಕು, ಬ್ಯಾಗ್ ಅಥವಾ ಸಿಲಿಂಡರ್ ಬದಲಾವಣೆ, ಪಿಎಲ್‌ಸಿ ಪ್ರೋಗ್ರಾಮ್, ಮೇಲೆ ಸಿಕ್ಕಿಕೊಂಡು ಯಾವ ದಾರಿಯಲ್ಲೂ ಇಳಿಯದ ಡ್ರೈಯರ್, ಟಿಲ್ಟ್ ಜೊತೆ ಎಳೆದಾಡಿದ ಗ್ಯಾಸ್ ಅಥವಾ ಸ್ಟೀಮ್ ಹೋಸ್: ಇವುಗಳಿಗೆ ತರಬೇತಿ ಇರುವವರೇ ಬೇಕು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕಳಿಸಿ, ದಾರಿಯಲ್ಲೇ ಕೈಗೆ ಸಿಗುವಂತಿದ್ದರೆ ಮಾತ್ರ ಮೇನ್ ಗ್ಯಾಸ್ ಮುಚ್ಚಿ.

ಕರೆಯುವಾಗ ಟಿಲ್ಟ್ ಆಗ್ತಿಲ್ಲ ಎಂದು ಮಾತ್ರ ಹೇಳಬೇಡಿ. ಯಾವ ದಿಕ್ಕು, ಖಾಲಿಯೋ ಲೋಡಿನಲ್ಲೋ, ನಿಂತಾಗ ಮತ್ತು ಏಳುವಾಗ ಗೇಜ್ ಎಷ್ಟು, ಯಾವ ದೀಪ ಹತ್ತಿತ್ತು, ಸದ್ದು ಎಲ್ಲಿಂದ ಬಂತು ಎಂದು ಹೇಳಿ. ಬರುವವರು ಸರಿಯಾದ ಬಿಡಿಭಾಗ ತರುತ್ತಾರೆ.

ರಿಪೇರಿ ಆದ ಮೇಲೆ ಪ್ರಾಪ್, ಪಿನ್, ಉಪಕರಣ ಎಲ್ಲ ಹೊರಗೆ ಬಂದಿವೆಯಾ ಎಣಿಸಿ. ಖಾಲಿ ಡ್ರಮ್‌ನಲ್ಲಿ ಎರಡೂ ದಿಕ್ಕು ಏರಿಳಿಸಿ. ನಡುವೆ ಬಟನ್ ಬಿಟ್ಟು, ನಿಲ್ಲುವುದೋ ಇಳಿಯುವುದೋ ಕೈಪಿಡಿಯಂತೆ ಆಗುತ್ತದೆಯಾ ನೋಡಿ. ಎಮರ್ಜೆನ್ಸಿ ಬಟನ್ ಒತ್ತಿ ನೋಡಿ. ಸ್ವಲ್ಪ ಎತ್ತಿದ ಸ್ಥಿತಿಯಲ್ಲಿ ಸ್ಟಾರ್ಟ್ ಒತ್ತಿ, ಡ್ರೈಯರ್ ಶುರುವಾಗಬಾರದು. ಇಷ್ಟಾದ ಮೇಲೆ ಲೋಡ್ ಹಾಕಿ. ಏರಲು, ಇಳಿಯಲು ಎಷ್ಟು ಸೆಕೆಂಡ್, ಆಗ ಗೇಜ್ ಎಲ್ಲಿಗೆ ಇಳಿಯಿತು ಎಂದು ತಾರೀಖಿನ ಜೊತೆ ಬರೆದು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ. ಮುಂದಿನ ಸಲ ಯಾರಾದರೂ ನಿಧಾನ ಎಂದರೆ, ಎಷ್ಟು ನಿಧಾನ ಎಂದು ಆ ಚೀಟಿ ಹೇಳುತ್ತದೆ.